ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು

ಇಂಡಿ, ಬೆಳಗ್ಗೆ.

ಲಿಂಬೆ ತೋಟದವರ ಮನೆಯ ಹುಡುಗ ಪುಣೆಯಿಂದ ಹಳೇ ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದಾನೆ. ಎರಡು ಬಾಗಿಲು, ಎರಡು ಸೀಟು, ನೆತ್ತಿಯ ಮೇಲೆ ಬಟ್ಟೆ. ಬಣ್ಣ ಹಣ್ಣು ಮೆಣಸಿನಕಾಯಿಯದು. ವಯಸ್ಸು ಐವತ್ತರ ಮೇಲೆ. ಯಾವ ಕಂಪನಿಯದೆಂದು ಇಲ್ಲಿ ಬರೆದುಕೊಳ್ಳುವುದಿಲ್ಲ. ಅರ್ಧ ಶತಮಾನದಲ್ಲಿ ಎಷ್ಟು ಕೈ ದಾಟಿದೆಯೋ, ಯಾರು ಏನು ಬಿಚ್ಚಿ ಏನು ಜೋಡಿಸಿದ್ದಾರೋ. ಹಡೆದವರ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ.

ನನ್ನ ಯಂತ್ರಜ್ಞಾನ ಅಂದರೆ ಬಿದ್ದ ಸೈಕಲ್ ಚೈನು ಏರಿಸುವಷ್ಟು. ನೋಡುವ ಚಟ ಮಾತ್ರ ಇದೆ. ಹುಡುಗನಿಗೆ ಪಕ್ಕದ ಸೀಟಿಗೊಬ್ಬ ಬೇಕಿತ್ತು, ನನಗೆ ರಜೆ ಇತ್ತು.

ಮನೆ ಮುಂದೆ ಪೂಜೆ. ಕುಂಕುಮ, ಕಾಯಿ, ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು. ಹಣ್ಣು ಸ್ವಂತ ತೋಟದ್ದೇ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆಯಾದ್ದರಿಂದ ಇದು ಸರ್ಕಾರಿ ಮಾನ್ಯತೆ ಇರುವ ಪೂಜೆ. ಹುಡುಗನ ಅಜ್ಜಿ ಒಂದೊಂದು ಗಾಲಿಯ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಹಣ್ಣಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. ಊರಲ್ಲಿ ಆ ಗಾಲಿಗಳನ್ನು ಅಷ್ಟು ಹತ್ತಿರದಿಂದ ನೋಡಿದವಳು ಆಕೆ ಒಬ್ಬಳೇ.

"ಈ ಗಾಲಿ ಬಿರಕ ಬಿಟ್ಟಾವಲ್ಲೋ" ಅಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ಹಲಗೆ ಬಡಿಯುತ್ತಿತ್ತು.

•

ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ್ದಷ್ಟೇ, ಮುತ್ತಿಗೆ. ಪ್ರಶ್ನೆಗಳು ಮೂರು. ಎಷ್ಟಕ್ಕ ತಂದ್ರಿ? ಎಷ್ಟ ಕೊಡ್ತೈತಿ? ಎಷ್ಟ ಓಡ್ತೈತಿ? ಇವನ್ನು ಹಾಲು ಹಾಕುವವನೂ ಕೇಳಿದ, ಕಾಲೇಜಿನ ಲೆಕ್ಚರರೂ ಕೇಳಿದರು.

ಹೆಂಗ ನಿಲ್ಲತೈತಿ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

•

ರಸ್ತೆಯುಬ್ಬಿನ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಅಂಗಾತ ಮಲಗಿದ ಇಬ್ಬರು ಗಂಡಸರಷ್ಟು ಉದ್ದಕ್ಕೆ, ಸಾವಕಾಶ ಏರಿ ಸಾವಕಾಶ ಇಳಿಯಬೇಕು. ನಮ್ಮ ಕಡೆಯ ಉಬ್ಬುಗಳು ಒಂದು ಸಿಮೆಂಟ್ ಚೀಲ ಅಡ್ಡ ಇಟ್ಟ ಹಾಗಿವೆ. ಇಂಥ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಇಲ್ಲ. ಹುಡುಗ ಉಬ್ಬು ಕಂಡಲ್ಲೆಲ್ಲ ಕಾರನ್ನು ಓರೆ ಮಾಡಿ ಒಂದೊಂದೇ ಗಾಲಿ ಏರಿಸುತ್ತಾನೆ, ಎಮ್ಮೆಯನ್ನು ಹೊಂಡಕ್ಕೆ ಇಳಿಸುವ ಹಾಗೆ. ಆದರೂ ಮೂರನೆಯದಕ್ಕೆ ಕೆಳಗೆ "ಕರ್ರ್" ಎಂದಿತು. ಅಲ್ಲಿರುವುದು ಇಂಜಿನ್ ಆಯಿಲಿನ ತಟ್ಟೆಯಂತೆ. ಒಡೆದರೆ ಆಯಿಲ್ ಸೋರುತ್ತದೆ, ಆಯಿಲ್ ಮುಗಿದರೆ ಇಂಜಿನ್ ಹಿಡಿಯುತ್ತದೆ.

ಓಡುವುದಕ್ಕಾಗಿ ಹುಟ್ಟಿದ ಕಾರು ಇಂಡಿಯ ಪೇಟೆಯೊಳಗೆ ಟಂಟಂಗಿಂತ ಹಿಂದೆ ಬೀಳುತ್ತದೆ.

•

ಪಂಕ್ಚರ್ ಅಂಗಡಿ.

"ಗಾಳಿ ಎಷ್ಟ ಹೊಡೀಲ್ರಿ?"

ಹುಡುಗನಿಗೆ ಗೊತ್ತಿಲ್ಲ. ಪಂಕ್ಚರಿನವನೇ ತೀರ್ಮಾನಿಸಿದ: "ಮೂವತ್ತೈದ ಹೊಡದೀನ್ರಿ, ನಾಕಕ್ಕೂ." ಅವನ ಅಂಗಡಿಯಲ್ಲಿ ಎಲ್ಲ ಕಾರಿಗೂ ಮೂವತ್ತೈದು ಪೌಂಡು. ಸಮಾನತೆ.

ಇಲ್ಲಿ ನನಗೆ ಓದಿದ ಒಂದು ಸಂಗತಿ ನೆನಪಾಗಿ ನಿದ್ದೆ ಕೆಟ್ಟಿತು. ಅಮೆರಿಕದಲ್ಲಿ 1960ರ ಮಾದರಿಯಾಗಿ ಷೆವರ್ಲೆ ಕಾರ್ವೇರ್ ಎಂಬ ಕಾರು ಬಂತು. ಇಂಜಿನ್ ಹಿಂದೆ, ಹಿಂದಿನ ಗಾಲಿಗಳು ನಡುವಿನ ಕೀಲಿನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುವ ಅಚ್ಚಿನವು. ತಿರುವಿನಲ್ಲಿ ಹಿಂಬದಿ ಜಾರಬಾರದೆಂದು ಕಂಪನಿ ಹೇಳಿದ ಗಾಳಿಯ ಲೆಕ್ಕ: ಮುಂದಿನ ಗಾಲಿಗೆ 15 ಪೌಂಡು, ಹಿಂದಿನದಕ್ಕೆ 26. ಅಷ್ಟು ದೊಡ್ಡ ಕಾರನ್ನು ರಸ್ತೆಯ ಮೇಲೆ ಸರಿಯಾಗಿ ಹಿಡಿಯುವ ಕೆಲಸದಲ್ಲಿ ಒಂದು ಪಾಲು ಗಾಳಿಯ ಈ ಹನ್ನೊಂದು ಪೌಂಡು ಅಂತರಕ್ಕೆ ಬಿಟ್ಟಿದ್ದರು! ಮುಂದಿನ ಗಾಲಿ ಮೆತ್ತಗಿದೆ ಎಂದು ಯಾವನೋ ಪುಣ್ಯಾತ್ಮ ನಾಲ್ಕಕ್ಕೂ ಒಂದೇ ಹೊಡೆದರೆ ಆಯಿತು, ಕಾರಿನ ಗುಣವೇ ಬೇರೆ.

1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಬರೆದಾಗ ಮೊದಲ ಅಧ್ಯಾಯವೇ ಈ ಕಾರಿನ ಮೇಲೆ. ಮರುವರ್ಷ ಅಮೆರಿಕ ವಾಹನ ಸುರಕ್ಷತೆಯ ಕಾಯಿದೆ ಮಾಡಿತು. ಆಮೇಲೆ 1972ರಲ್ಲಿ ಸರ್ಕಾರಿ ಪರೀಕ್ಷೆಯ ವರದಿ ಬಂತು: 1960ರಿಂದ 63ರ ಕಾರ್ವೇರ್ ಅದರ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದೇನೂ ಅಲ್ಲ. ನೇಡರ್ ಆ ವರದಿಯನ್ನು ಒಪ್ಪಲಿಲ್ಲ. ಓದುತ್ತ ಓದುತ್ತ ಹೌದಾ ಅನ್ನಿಸುತ್ತದೆ, ಅಲ್ಲವಾ ಅನ್ನಿಸುತ್ತದೆ. ಆ ಕಾಲದ ಎಲ್ಲ ಕಾರುಗಳೂ ಅಷ್ಟೇ ಎಂಬುದು ಸಮಾಧಾನದ ಮಾತೋ, ದೂರಿನ ಮಾತೋ?

ನಮ್ಮ ಕಾರಿಗೆ ಎಷ್ಟು ಗಾಳಿ ಬೇಕು ಎಂಬುದು ಇಂದಿಗೂ ಗೊತ್ತಾಗಿಲ್ಲ. ಬಾಗಿಲ ಸಂದಿಯಲ್ಲಿ ಬರೆದಿದ್ದರಂತೆ. ಹೊಸ ಬಣ್ಣದ ಕೆಳಗೆ ಹೋಗಿದೆ.

•

ಅಜ್ಜಿ ಹೇಳಿದ ಬಿರುಕು ನೋಡಲು ಬಗ್ಗಿದೆ. ಟೈರಿನ ಹಲ್ಲು ಹೊಸದರಂತಿವೆ. ಪಕ್ಕದ ಗೋಡೆಯಲ್ಲಿ ಮಾತ್ರ ಬೇಸಿಗೆಯ ಎರಿ ಹೊಲದಂಥ ಸಣ್ಣ ಸಣ್ಣ ಬಿರುಕು. ಅಲ್ಲೊಂದು ಅಂಡಾಕಾರದ ಮನೆಯೊಳಗೆ ಮೂರು ಅಂಕಿ.

ಪಂಕ್ಚರಿನವನು ಹೇಳಿದ ಮೇಲೆ ತಿಳಿಯಿತು: ಅದು ಟೈರಿನ ಜನ್ಮಕುಂಡಲಿ. 2000ದಿಂದೀಚೆಗಿನ ಟೈರಿಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಹಿಂದಿನ ಶತಮಾನದ್ದು. ಹುಡುಗನ ಕಾರಿನ ಮೂರು ಟೈರಿಗೆ ಮೂರು ಅಂಕಿ. ನಾಲ್ಕನೆಯದರಲ್ಲಿ ಅಂಕಿಯೇ ಸವೆದಿದೆ.

"ಹಲ್ಲ ಛಲೋ ಅದಾವಲ್ರಿ" ಅಂದ ಹುಡುಗ.

ಕುದುರೆಯ ವಯಸ್ಸು ಹಲ್ಲಿನಿಂದ ತಿಳಿಯುತ್ತದೆ, ಟೈರಿನದು ತಿಳಿಯುವುದಿಲ್ಲ. ಓಡಿದರೆ ಹಲ್ಲು ಸವೆಯುತ್ತದೆ, ನಿಂತರೆ ರಬ್ಬರು ಗಟ್ಟಿಯಾಗುತ್ತದೆ. ಷೋಕಿಯ ಕಾರುಗಳು ನಿಲ್ಲುವುದೇ ಹೆಚ್ಚು. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದ ಪೋರ್ಷೆ ಕರೆರಾ ಜಿಟಿ ಕಂಬಕ್ಕೂ ಮರಗಳಿಗೂ ಬಡಿದು ಅವನೂ ಓಡಿಸುತ್ತಿದ್ದವನೂ ಸತ್ತರು. ತನಿಖೆ ಮಾಡಿದವರು ಮೊದಲು ಬರೆದ ಕಾರಣ ವೇಗ: ಗಂಟೆಗೆ ಸುಮಾರು 72 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ 130ರಿಂದ 150ರವರೆಗೆ. ಅದರ ಜೊತೆಗೆ ಬರೆದದ್ದು ಟೈರಿನ ವಯಸ್ಸು, ಒಂಬತ್ತು ವರ್ಷ. ಕೋಟಿಗಟ್ಟಲೆ ಬೆಲೆಯ ಕಾರು, ಒಂಬತ್ತು ವರ್ಷದ ರಬ್ಬರು.

ಪಕ್ಕದ ಸೀಟಿನಲ್ಲಿ ಕೂತಿದ್ದ ಎಂಬುದನ್ನು ಎರಡು ಸಲ ಓದಿದೆ.

•

ಸಿಂದಗಿ. ಮಧ್ಯಾಹ್ನ, ಬೆಂಕಿ ಬಿಸಿಲು.

ಇಂಡಿಯಿಂದ ಸಿಂದಗಿಗೆ ಘಟ್ಟವಿಲ್ಲ, ಇಳಿಜಾರಿಲ್ಲ. ಅಂಗೈಯಂಥ ನೆಲ. ದಾರಿಯುದ್ದಕ್ಕೂ ಬ್ರೇಕ್ ಒತ್ತುವ ಪ್ರಸಂಗ ಬಂದದ್ದು ಲೆಕ್ಕಕ್ಕೆ ಸಿಗುವಷ್ಟೇ, ಅದರಲ್ಲಿ ಒಂದು ಆಡಿನ ಹಿಂಡಿಗೆ. ಆದರೂ ಎಡಗಡೆ ಮುಂದಿನ ಗಾಲಿಯಿಂದ ಸುಟ್ಟ ವಾಸನೆ. ಗಾಲಿಗೆ ಬಾಟಲಿ ನೀರು ಸುರಿದರೆ "ಚೊಂಯ್". ಉಳಿದ ಮೂರೂ ತಣ್ಣಗಿವೆ. ಬ್ರೇಕು ಒತ್ತದೆ ಬ್ರೇಕು ಹೇಗೆ ಕಾದೀತು?

ಮುಂದಿನ ಹಳ್ಳಿಯ ಹತ್ತಿರ ಟ್ರ್ಯಾಕ್ಟರ್ ಅಡ್ಡ ಬಂತು. ಹುಡುಗ ಪೆಡಲ್ ಒತ್ತಿದ. ಅದು ಕೆಸರಿನೊಳಗೆ ಕಾಲಿಟ್ಟಂತೆ ತಳ ಸೇರಿತು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಕೊನೆಗೆ ರಸ್ತೆ ಬಿಟ್ಟು ಒಂದು ಹೊಲದೊಳಗೆ ನಿಂತೆವು. ಬಿತ್ತನೆಗೆ ಹರಗಿದ ಮಣ್ಣು, ಮೆತ್ತಗೆ ಹಿಡಿದುಕೊಂಡಿತು. ಹೊಲದವನು ಬಂದು ಬೈಯಲಿಲ್ಲ. ಎಷ್ಟಕ್ಕ ತಂದ್ರಿ ಎಂದು ಕೇಳಿದ.

ಅರ್ಧ ತಾಸು ಕಳೆದು ಒತ್ತಿ ನೋಡಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿ. ಏನೂ ಆಗಿಯೇ ಇಲ್ಲ ಎಂಬಂತೆ. ನನ್ನನ್ನು ಹೆದರಿಸಿದ್ದು ಇದೇ. ಮುರಿದದ್ದು ಕಣ್ಣಿಗೆ ಕಂಡರೆ ರಿಪೇರಿ ಮಾಡಬಹುದು; ಕದ್ದು, ಬಾಗಿಲಿಗೆ ಬೀಗ ಹಾಕಿಕೊಂಡು ಹೋದ ಕಳ್ಳನನ್ನು ಎಲ್ಲಿ ಹುಡುಕುವುದು?

ಸಿಂದಗಿಯ ಗ್ಯಾರೇಜಿನ ಮೇಸ್ತ್ರಿ ಮುದುಕ. ಗಾಲಿ ಮುಟ್ಟಿ ನೋಡಿ, ಹುಡುಗನನ್ನು ನೋಡಿ, ಚಹಾ ತರಿಸಿದ. ಆಮೇಲೆ ಗಾಲಿಯ ಹಿಂದಿನ ಗೇಣುದ್ದದ ರಬ್ಬರ್ ಪೈಪು ಬಿಚ್ಚಿ ಚಾಕುವಿನಿಂದ ಉದ್ದಕ್ಕೆ ಸೀಳಿ ತೋರಿಸಿದ. ಹೊರಗೆ ಸರಿಯಾಗಿದೆ. ಒಳಗೆ ರಬ್ಬರು ಬಾತು ದಾರಿಯೇ ಮುಚ್ಚಿಹೋಗಿದೆ. ಕಾಲಿನಿಂದ ಒತ್ತಿದಾಗ ಎಣ್ಣೆ ಜೋರಿನಿಂದ ನುಗ್ಗುತ್ತದೆ. ಕಾಲು ತೆಗೆದರೆ ಹಿಂದೆ ಬರಲು ಜೋರು ಸಾಲದು. ಬ್ರೇಕ್ ಹಿಡಿದದ್ದು ಹಿಡಿದೇ ಇರುತ್ತದೆ.

"ಬರೂ ದಾರಿ ಗೊತ್ತೈತಿ, ಹೋಗೂ ದಾರಿ ಗೊತ್ತಿಲ್ಲ. ಬೀಗರ ಹಂಗ" ಅಂದ.

ಆಮೇಲೆ ಬ್ರೇಕ್ ಆಯಿಲಿನ ಡಬ್ಬಿ. ಹಳದಿಯಾಗಿ ತಿಳಿಯಾಗಿರಬೇಕಾದದ್ದು ಹಿಂದಿನ ದಿನದ ಚಹಾದ ಬಣ್ಣ. ಈ ಎಣ್ಣೆಗೊಂದು ಚಟ. ಗಾಳಿಯಲ್ಲಿನ ತೇವ ಕುಡಿಯುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಕನಿಷ್ಠ 140ಕ್ಕೆ ಇಳಿಯುತ್ತದೆ. ಹಿಡಿದುಕೊಂಡೇ ಓಡಿದ ಗಾಲಿಯ ಕಾವು ಎಣ್ಣೆಯನ್ನು ಕುದಿಸುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಕಾಲು ತಳಕ್ಕೆ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ಎಣ್ಣೆ. ಕಳ್ಳ ಸಿಕ್ಕ.

ಇಷ್ಟರಿಂದ ನಾಲ್ಕೂ ಗಾಲಿಯ ಬ್ರೇಕು ಯಾಕೆ ಹೋಗಬೇಕು? ಕೆಟ್ಟದ್ದು ಒಂದೇ ಪೈಪು. ಮೇಸ್ತ್ರಿ ಬೆರಳೊಂದನ್ನು ಎತ್ತಿದ: ಆ ಕಾಲದ ಬಹಳ ಕಾರುಗಳಲ್ಲಿ ನಾಲ್ಕು ಗಾಲಿಗೂ ಒಂದೇ ಕೊಳವೆ ಸಂಸಾರ. ಒಂದು ಕಡೆ ಕೆಟ್ಟರೆ ಮನೆಯೆಲ್ಲ ಉಪವಾಸ. ಮುಂದಿನದೂ ಹಿಂದಿನದೂ ಬೇರೆ ಬೇರೆ ಮಾಡಿದ್ದು ಆಮೇಲೆ. ಅಮೆರಿಕದಲ್ಲಿ ಅದು 1968ರಿಂದ ಕಡ್ಡಾಯವಾಯಿತು. ಕೂಡುಕುಟುಂಬ ಒಡೆಯಬಾರದೆಂದು ಭಾಷಣ ಮಾಡಿಕೊಂಡು ಬಂದವನು ನಾನು. ಬ್ರೇಕಿನ ಮಟ್ಟಿಗೆ ಪಾಲು ಆಗಲಿ.

ಹುಡುಗ ಒಂದೇ ಮಾತು ಹೇಳುತ್ತಿದ್ದ: "ನಿನ್ನಿ ತನಕ ಛಲೋ ಇತ್ತಲ್ರಿ."

ಮೇಸ್ತ್ರಿ ತಲೆ ಎತ್ತಲಿಲ್ಲ. "ಎಲ್ಲಾವೂ ನಿನ್ನಿ ತನಕ ಛಲೋನ ಇರ್ತಾವ."

•

ಅದೇ ಗ್ಯಾರೇಜು, ಹೊಸ ಪೈಪಿಗೆ ಕಾಯುತ್ತ.

ಮೇಸ್ತ್ರಿಯ ಗುಜರಿ ಡಬ್ಬಿಯಿಂದ ಒಂದು ಹಿತ್ತಾಳೆಯ ಗುಂಡು ಬಂತು. ಒಳಗೆ ತಿರುಪಿನ ಗೀರು. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನದು. ಹುಡುಗನ ಕಾರಿಗೆ ಸಂಬಂಧವಿಲ್ಲ, ಆದರೆ ಈ ಗುಂಡಿನ ಕತೆ ಬಿಡಲಾಗದು.

ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1959ರದು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನವರು 1961ರಿಂದ ಅದನ್ನು ಇಲ್ಲಿ ಮಾಡಿದರು. ಅದೇ ಹೆರಾಲ್ಡಿನ ಚಾಸಿಯ ಸಂತಾನವೇ 1962ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು. ಡಾಕ್ಟರು ವಕೀಲರು ಓಡಿಸಿದ ಸಾಧು ಹೆರಾಲ್ಡಿಗೆ ಅಂಥದೊಂದು ಷೋಕಿಲಾಲ ತಮ್ಮ.

ಈ ಎರಡರಲ್ಲೂ ಮುಂದಿನ ಗಾಲಿ ಕೆಳಗಡೆ ತಿರುಗುವುದು ಹಿತ್ತಾಳೆಯ ಆ ಗುಂಡಿನೊಳಗಿನ ತಿರುಪಿನ ಮೇಲೆ. ಟ್ರನಿಯನ್ ಎನ್ನುತ್ತಾರೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್, ಗ್ರೀಸ್ ಅಲ್ಲ. ಆದರೆ ತೂತು ನೋಡಿದರೆ ಗ್ರೀಸ್ ಗನ್ನಿನ ಮೂತಿಗೆ ಹೇಳಿ ಮಾಡಿಸಿದ ಹಾಗಿದೆ! ಕಾಳಜಿ ಇದ್ದವರು ಗ್ರೀಸ್ ಹೊಡೆದರು. ಗ್ರೀಸು ಗಟ್ಟಿಯಾಗಿ ಕೆಳಗಿನ ಗೀರಿಗೆ ಇಳಿಯಲಿಲ್ಲ, ನೀರು ಇಳಿಯಿತು. ಉಕ್ಕಿನ ತಿರುಪು ತುಕ್ಕು ತಿಂದು, ಒಂದು ದಿನ ತುಂಡಾಗಿ, ಗಾಲಿ ಮಡಚಿ ಬಿತ್ತು. ಅದೂ ಸ್ಟೇರಿಂಗ್ ಪೂರ್ತಿ ತಿರುಗಿಸಿ ಕಾರು ನಿಲ್ಲಿಸುವಾಗ ಆದರೆ ದೈವ ದೊಡ್ಡದು. ಏನೂ ಮಾಡದವನ ಕಾರಿಗಿಂತ ಆರೈಕೆ ಮಾಡಿದವನ ಕಾರು ಪಾರಾಯಿತೇ ಎಂದರೆ ಅದೂ ಇಲ್ಲ. ಬೇಡದ ಆರೈಕೆ.

ಹಿಂದಿನ ಗಾಲಿಯದು ಇನ್ನೊಂದು ಕತೆ. ಕಾರ್ವೇರಿನದೇ ಜಾತಿ, ರೆಕ್ಕೆ ಆಡುವ ಅಚ್ಚು. ತಿರುವಿನಲ್ಲಿ ಜೋರಾಗಿ ಹೋಗುತ್ತ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಬದಿ ಮೇಲೇಳುತ್ತದೆ, ಹೊರಗಿನ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ಇಂಡಿಯ ಎಪಿಎಂಸಿಯಲ್ಲಿ ಮೂಟೆ ಹೊತ್ತ ಹಮಾಲ ಕಾಲು ಸೊಟ್ಟಗೆ ಊರಿ ಮುಗ್ಗರಿಸುವುದನ್ನು ನೋಡಿದ್ದೇನೆ, ಹಾಗೆ. ಹೆದರಿದವನು ಏನು ಮಾಡುತ್ತಾನೋ ಅದೇ ತಪ್ಪಾಗುವ ಯಂತ್ರವನ್ನು ಮನುಷ್ಯರಿಗಾಗಿ ಯಾಕೆ ಮಾಡಿದರು? ಮದ್ರಾಸಿನವರು 1972ರಲ್ಲಿ ಹೆರಾಲ್ಡನ್ನು ಗೆಜೆಲ್ ಮಾಡಿದಾಗ ಈ ರೆಕ್ಕೆ ಕಿತ್ತು ಗಟ್ಟಿ ಅಚ್ಚು ಹಾಕಿದರು. ಚಕ್ಕಡಿಗೆ ಇರುವಂಥದ್ದು, ಈ ಗಾಲಿಯಿಂದ ಆ ಗಾಲಿಗೆ ನೆಟ್ಟಗೆ. ಇಂಗ್ಲೆಂಡಿನವರು ಸ್ಪಿಟ್‌ಫೈರಿನ ಈ ಗುಣ ತಿದ್ದಿದ್ದು 1970ರ ಹೊತ್ತಿಗೆ, ಬೇರೆ ದಾರಿಯಲ್ಲಿ.

ಗುಂಡನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ನಮ್ಮ ಚಕ್ಕಡಿಯ ಕೆಳಗೆ ತೂಗುತ್ತಿದ್ದ ಕೀಲೆಣ್ಣೆಯ ಗೊಟ್ಟ. ಅಪ್ಪ ದೂರದೂರಿಗೆ ಚಕ್ಕಡಿ ಹೂಡುವ ಮುಂಚೆ ಗಾಲಿ ಸರಿಸಿ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ. ಕೈ ಕರ್ರಗೆ. ಯಾವ ಎಣ್ಣೆ, ಎಷ್ಟು, ಯಾವಾಗ ಎಂಬುದು ಪುಸ್ತಕದಲ್ಲಿರಲಿಲ್ಲ, ಬಂಡಿಯ ಕೆಳಗೇ ತೂಗುತ್ತಿತ್ತು.

•

ಒಂದು ಸಾಲು: ಫೈಬರ್ ಬಾಡಿಯ ಕಾರು ತುಕ್ಕು ಹಿಡಿಯುವುದಿಲ್ಲ ಎಂದು ಯಾರೋ ಹೇಳಿದರು. ಬೆಂಗಳೂರಿನ ಸಿಪಾನಿ ಡಾಲ್ಫಿನ್ ಅಂಥದ್ದು, 1982ರದು, 848 ಸಿಸಿ, ಹಗುರ. ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಸರಿ, ಅಂಗಿ ತುಕ್ಕು ಹಿಡಿಯುವುದಿಲ್ಲ. ಅಂಗಿಯ ಒಳಗಿನ ಕಬ್ಬಿಣ?

•

ಕಾಯಿದೆಯ ಗೊಂದಲ. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಐವತ್ತು ದಾಟಿದರೆ 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ. ಷರತ್ತು: ದಿನನಿತ್ಯ ಓಡಿಸುವಂತಿಲ್ಲ.

ಕಾಯಿದೆ ಹೇಳುತ್ತದೆ, ಓಡಿಸಬೇಡ. ಮೇಸ್ತ್ರಿ ಹೇಳುತ್ತಾನೆ, "ನಿಂತ್ರ ಸೀಲ ಒಣಗತಾವ, ಓಡಸ್ರಿ."

•

ಮುದ್ದೇಬಿಹಾಳ. ರಾತ್ರಿ.

ತಾಳಿಕೋಟೆ ದಾಟುವ ತನಕ ಎಲ್ಲವೂ ಸರಿ. ಮುದ್ದೇಬಿಹಾಳದ ಖಾನಾವಳಿಯ ಮುಂದೆ ನಿಲ್ಲಿಸಿದಾಗ ಪೆಟ್ರೋಲ್ ವಾಸನೆ. ಹುಡುಗನಿಗೆ ಖುಷಿ: ಹಳೇ ಕಾರಿನ ವಾಸನೆಯೇ ಹಾಗೆ, ಅದಕ್ಕೇ ಜನ ಮರುಳಾಗುವುದು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಿಂದು ಬಂದರೆ ಬಾನೆಟ್ಟಿನ ಕೆಳಗೆ ನೆಲದ ಮೇಲೆ ಒದ್ದೆ. ಪಕ್ಕದಲ್ಲಿ ಒಬ್ಬಾತ ಬೀಡಿ ಹಚ್ಚುವುದರಲ್ಲಿದ್ದ. ನಾನು ಕೂಗಿದ್ದು ಕೇಳಿ ಅವನಿಗಿಂತ ನನಗೇ ಗಾಬರಿಯಾಯಿತು.

ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪು ಮುಟ್ಟಿದರೆ ಅಂಟು, ಹಿಂಡಿದರೆ ಹನಿ. ಒಂದು ಗೇಣು ಕೆಳಗೆ ಸೈಲೆನ್ಸರಿನ ಕೆಂಪಾಗಿ ಕಾಯುವ ಮೊದಲ ಭಾಗ. ಇಡೀ ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲ, ಊದಿನಕಡ್ಡಿ ಇದೆ.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್. ಹೊಸ ಕಾರುಗಳ ರಬ್ಬರು ಅದಕ್ಕೆ ತಕ್ಕಂತೆ ಮಾಡಿದ್ದು. ಐವತ್ತು ವರ್ಷದ ಹಿಂದಿನ ಪೈಪು, ಬಿರಡೆಯ ವಾಷರು ಈ ರುಚಿ ಕಂಡವಲ್ಲ. ಬಾತು, ಮೆತ್ತಗಾಗಿ, ಬಿರುಕು ಬಿಡುತ್ತವೆ. ಎಥನಾಲಿನ ಒಂದು ಪಾಲು ಬರುವುದು ಕಬ್ಬಿನಿಂದ. ಭೀಮಾ ದಂಡೆಯ ಕಬ್ಬು ನಮ್ಮದೇ ಇಂಡಿಯ ಕಾರಿನ ಕರುಳು ಕೊರೆಯುತ್ತಿದೆಯೇ ಎಂಬ ಯೋಚನೆ ಬಂದು ನಗು ಬಂತು. ಆದರೆ ಪೂರ್ತಿ ಎಥನಾಲಿನ ತಲೆಗೆ ಕಟ್ಟಲಾರೆ; ಆ ಪೈಪಿನ ಮೇಲೂ ಯಾರೋ ಕೆಂಪು ಬಣ್ಣ ಹೊಡೆದಿದ್ದರು, ಬಾಡಿಗೆ ಹೊಂದಲಿ ಎಂದು. ಬಣ್ಣದ ಕೆಳಗೆ ಮುದಿತನ ಯಾರಿಗೆ ಕಂಡೀತು?

ಹೊಸ ಪೈಪಿಗೆ ನೂರಿಪ್ಪತ್ತು ರೂಪಾಯಿ. ಬಣ್ಣಕ್ಕೆ ಎಷ್ಟಾಯಿತೆಂದು ಹುಡುಗ ಹೇಳಲಿಲ್ಲ.

•

ಕಾರಿನೊಳಗೆ ಕೂತು ಬರೆದದ್ದು, ಅಕ್ಷರ ನೆಟ್ಟಗಿಲ್ಲ.

ಸ್ಟೇರಿಂಗ್ ಚಕ್ರದ ನಡುವಿನಿಂದ ಮುಂದಿನ ಗಾಲಿಗಳ ಹತ್ತಿರದವರೆಗೆ ಒಂದೇ ಉದ್ದನೆಯ ಕಬ್ಬಿಣದ ಸಲಾಕೆ. ಮುಂದೆ ಗುದ್ದಿದರೆ ಅದು ಹಿಂದಕ್ಕೆ ಬರುತ್ತದೆ. ಓಡಿಸುವವನ ಎದೆ ಅದರ ಎದುರಿಗೇ. ಒತ್ತಿದರೆ ಕುಗ್ಗುವ ಸಲಾಕೆ ಅಮೆರಿಕದ ಕಾರುಗಳಲ್ಲಿ ಬಂದದ್ದು 1967ರ ಸುಮಾರಿಗೆ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲೇ ಮಾಡಿದ್ದ. ಕಂಪನಿ ಅದನ್ನು ಎಲ್ಲರೂ ಬಳಸಲು ಬಿಟ್ಟಿತ್ತು. ನನ್ನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಇದೆ, ಬೆಲ್ಟಿಲ್ಲ. ತೊಗಲಿನ ಹೊಸ ಹೊದಿಕೆ ಹಾಕುವಾಗ ತೆಗೆದರಂತೆ. ಚಂದ ಕಾಣುವುದಿಲ್ಲ ಎಂದು.

•

ಬಸವನ ಬಾಗೇವಾಡಿ.

ಬಸವೇಶ್ವರನ ಗುಡಿಗೆ ಕೈಮುಗಿದು ಬರುವಷ್ಟರಲ್ಲಿ ಕಾರಿನ ಸುತ್ತ ಜನ. ಮೂರು ಪ್ರಶ್ನೆ. ಹುಡುಗನ ಉತ್ತರ ಮಾತ್ರ ಈಗ ಸ್ವಲ್ಪ ಮೆತ್ತಗಿದೆ.

ಪಕ್ಕದಲ್ಲೇ ಒಂದು ಚಕ್ಕಡಿ, ಮೇಲೆ ಕಣಿಕೆ. ಹೊರಡುವ ಮುಂಚೆ ಚಕ್ಕಡಿಯವನು ಎತ್ತಿನ ಮೈ ಸವರಿದ, ನಂತರ ಎಡಗಡೆ ಹೋಗಿ ಬಗ್ಗಿ ಗಾಲಿಯ ಕೀಲು ಹಿಡಿದು ಅಲುಗಿಸಿ ನೋಡಿದ. ಬಲಗಡೆ ಬಂದು ಮತ್ತೆ ಬಗ್ಗಿದ. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ, ಬೆರಳುದ್ದದ ಕಬ್ಬಿಣದ ತುಂಡು. ಈ ಕಡೆಯ ಸೀಮೆಯವನೇ ಆದ ಮುದನೂರಿನ ಜೇಡರ ದಾಸಿಮಯ್ಯ ಈ ಕಡೆಗೀಲನ್ನೇ ಹಿಡಿದು ಒಂದು ವಚನ ಹೇಳಿದ್ದಾನೆ. ನೇಯುವವನಿಗೆ ಬಂಡಿಯ ಯಾವ ಭಾಗ ಕಣ್ಣಿಗೆ ಬಿತ್ತು ನೋಡಿ. ನೊಗವಲ್ಲ, ಗಾಲಿಯಲ್ಲ.

ಚಕ್ಕಡಿಯವನು ಕಾರಿನ ಗಾಲಿಯ ಹತ್ತಿರ ಬಂದ. ಹೊಳೆಯುವ ಮುಚ್ಚಳ, ನಡುವೆ ಒಂದು ದೊಡ್ಡ ನಟ್ಟು.

"ನಿಮ್ಮದರಾಗ ಕೀಲ ಎಲ್ಲೈತ್ರಿ?"

ಹುಡುಗ ನಟ್ಟು ತೋರಿಸಿದ. "ಇದು ಬಿಚ್ಚೂದು. ಹಿಡಿಯೂದು ಯಾವ್ದು?" ಅಂದ ಚಕ್ಕಡಿಯವನು.

ಹುಡುಗ ಬಾನೆಟ್ ತೆಗೆದ. ಮುಚ್ಚಿದ. ಮೊಬೈಲಿನ ಬೆಳಕು ಹಚ್ಚಿ ಕಾರಿನ ಕೆಳಗೆ ಮಣ್ಣಿನಲ್ಲಿ ಅಂಗಾತ ಮಲಗಿದ. ಕೆಳಗಿನಿಂದ ಬಹಳ ಹೊತ್ತು ಏನೂ ಸದ್ದಿಲ್ಲ. ಎತ್ತುಗಳು ನಿಂತೇ ಇದ್ದವು. ಚಕ್ಕಡಿಯವನೂ ನಿಂತಿದ್ದ, ಅವಸರವಿಲ್ಲದೆ.

ಕಾರು ಅಲ್ಲೇ ಯಾರದೋ ಮನೆಯ ಪಡಸಾಲೆಯ ನೆರಳಿಗೆ ಹೋಯಿತು. ಹುಡುಗ ಸಿಂದಗಿಯ ಮೇಸ್ತ್ರಿಗೆ ಫೋನ್ ಹಚ್ಚಿದ್ದಾನೆ. ನಾನು ಇಂಡಿಗೆ ಬಸ್ಸು ಹತ್ತಿದೆ. ಹತ್ತುವ ಮುಂಚೆ ಬಸ್ಸಿನ ಹಿಂದಿನ ಗಾಲಿಯ ಹತ್ತಿರ ಬಗ್ಗಿ ಅಂಡಾಕಾರದ ಮನೆ ಹುಡುಕಿದೆ, ಧೂಳಿನಲ್ಲಿ ಕಾಣಲಿಲ್ಲ. ಒಳಗೆ ಹೋದ ಮೇಲೆ ಕಂಡಕ್ಟರಿಗೆ ಕೇಳಿದೆ, ಟೈರು ಯಾವ ವರ್ಷದ್ದು ಎಂದು.

"ಎಲ್ಲಿಗ್ರಿ?" ಅಂದ. "ಟಿಕೆಟ್ ತಗೋರಿ ಮೊದಲ."